ಹತ್ತನೆಯ ‘ಬಿ’ಯ ಮೋನಿಷಾಳ ಹಾಜರಿ

ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ ಕಾಲುವೆ ದಂಡೆಯ ಮನೆಗಳನ್ನು ಕೆಡವಿದ ಮೇಲೆ ಪುಷ್ಪರಾಣಿಯ ತರಗತಿಯಲ್ಲಿ ಖಾಲಿ ಬೆಂಚುಗಳು ಕಾಣಿಸತೊಡಗಿದವು. ಜೂನ್‌ನಲ್ಲಿ ಹತ್ತನೆಯ ‘ಬಿ’ ವಿಭಾಗಕ್ಕೆ ಐವತ್ತೆಂಟು ಮಕ್ಕಳಿದ್ದರು. ಈಗ ಹದಿನೇಳು ಮಕ್ಕಳ ಅಪ್ಪ ಅಮ್ಮಂದಿರು ಬಂದು ಹೆಡ್‌ಮಿಸ್ ಕೋಣೆಯ ಮುಂದೆ ಸಾಲಾಗಿ ನಿಂತು ಟಿ.ಸಿ. ತೆಗೆದುಕೊಂಡು ಹೋಗಿದ್ದರು. ಅವರಿಗೆಲ್ಲ ಚೆನ್ನೈನ ಆ ತುದಿಯಲ್ಲಿ, ಪೆರುಂಬಾಕ್ಕಂನ ಎಂಟಂತಸ್ತಿನ ಬ್ಲಾಕುಗಳಲ್ಲಿ ಮನೆ ಕೊಟ್ಟಿದ್ದರು. ಎರಡು ಬಸ್ಸು, ಮೂರೂವರೆ ಗಂಟೆಯ ದಾರಿ.

ಆ ಸಾಲಿನಲ್ಲಿ ಅಂಜಲೈ ಕೂಡ ನಿಂತಿದ್ದಳು. ಪಕ್ಕದಲ್ಲಿ ಮಗಳು ಮೋನಿಷಾ, ನೆಲ ನೋಡುತ್ತ. ಪುಷ್ಪರಾಣಿ ಇಬ್ಬರನ್ನೂ ಸಾಲಿನಿಂದ ಈಚೆಗೆ ಕರೆದಳು.

“ಇವಳಿಗೂ ಟಿ.ಸಿ. ಕೇಳೋಕೆ ಬಂದ್ಯಾ ಅಂಜಲೈ?”

“ಇನ್ನೇನ್ ಮಾಡ್ಲಿ ಟೀಚರಮ್ಮ. ಮನೆ ಅಲ್ಲಿ, ಸ್ಕೂಲು ಇಲ್ಲಿ. ಮಧ್ಯದಲ್ಲಿ ಇಡೀ ಮದ್ರಾಸು ಬಿದ್ಕೊಂಡಿದೆ.”

“ಹತ್ತನೇ ಕ್ಲಾಸು ಇದು. ಅರ್ಧ ವರ್ಷದಲ್ಲಿ ಹೋಗಿ ಹೊಸ ಕ್ಲಾಸಲ್ಲಿ ಕೂತ್ರೆ ಇವಳ ಮುಖ ಯಾರು ನೋಡ್ತಾರೆ? ಏಪ್ರಿಲ್ ತನಕ ಇಲ್ಲೇ ಇರ್ಲಿ. ನಾನು ನೋಡ್ಕೋತೀನಿ. ಹೆಣ್ಮಕ್ಕಳಿಗೆ ಬಸ್ಸು ಹೇಗೂ ಫ್ರೀ.”

“ಬಸ್ಸು ಫ್ರೀ ಟೀಚರಮ್ಮ. ಹೊತ್ತನ್ನ ಯಾರೂ ಫ್ರೀ ಕೊಡಲ್ವಲ್ಲ.”

ಅಂಜಲೈ ಮಗಳ ಕಡೆ ನೋಡಿದಳು. ಮೋನಿಷಾ ತಲೆ ಎತ್ತದೆ, “ಬರ್ತೀನಮ್ಮ,” ಎಂದಳು. ಅಷ್ಟಕ್ಕೆ ಮುಗಿಯಿತು.

ಪುಷ್ಪರಾಣಿ ಆ ಶಾಲೆಯಲ್ಲಿ ಹದಿನೇಳು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದಳು. ಹದಿನೇಳು ವರ್ಷದಲ್ಲಿ ಒಂದು ಮಗುವೂ ಸೆಂಟಮ್ ತೆಗೆದಿರಲಿಲ್ಲ. ನೂರಕ್ಕೆ ನೂರು. ಬೇರೆ ಶಾಲೆಯ ಲೆಕ್ಕದ ಟೀಚರುಗಳು ಪರೀಕ್ಷೆ ತಿದ್ದುವ ಶಿಬಿರದಲ್ಲಿ ಊಟಕ್ಕೆ ಕೂತಾಗ, “ನಮ್ಮಲ್ಲಿ ಈ ಸಲ ನಾಲ್ಕು ಸೆಂಟಮ್,” “ನಮ್ಮಲ್ಲಿ ಏಳು,” ಎನ್ನುತ್ತಿದ್ದರು. ಅವಳು ಡಬ್ಬಿಯ ಕಡೆ ನೋಡುತ್ತ ಊಟ ಮುಗಿಸುತ್ತಿದ್ದಳು. ನಿಮ್ಮಲ್ಲಿ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಆ ಕೇಳದೆ ಇರುವುದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು. ಮೀನು ಹೊರುವವರ, ಚರಂಡಿ ತೆಗೆಯುವವರ, ಗೋಣಿ ಹೊಲಿಯುವವರ ಮಕ್ಕಳು. ಈಚೆಗೆ ಬಿಹಾರದಿಂದ ಬಂದು ಬಂದರಿನಲ್ಲಿ ಕೆಲಸ ಮಾಡುವವರ ಮಕ್ಕಳೂ ಸೇರಿದ್ದರು. ಅಂಥ ಶಾಲೆಯಿಂದ ಪಾಸಾದರೆ ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು.

ಮೋನಿಷಾ ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಬೋರ್ಡಿನ ಮೇಲಿನ ಲೆಕ್ಕವನ್ನು ನೋಡಿ, “ಮಿಸ್, ಇದನ್ನ ಇಷ್ಟುದ್ದ ಮಾಡೋದು ಯಾಕೆ?” ಎಂದು ಕೇಳಿದ್ದಳು. ಎದ್ದು ಬಂದು ಮೂರು ಸಾಲಿನಲ್ಲಿ ಮುಗಿಸಿ, ಸೀಮೆಸುಣ್ಣದ ಕೈ ಲಂಗಕ್ಕೆ ಒರೆಸಿಕೊಂಡು ಹೋಗಿ ಕೂತಿದ್ದಳು. ಆವತ್ತಿನಿಂದ ಪುಷ್ಪರಾಣಿಗೆ ಆ ಹುಡುಗಿಯನ್ನು ಬಿಟ್ಟು ಬೇರೆ ಯೋಚನೆ ಇರಲಿಲ್ಲ. ಟಿ.ಸಿ. ಸಾಲಿನಿಂದ ಅವಳನ್ನು ಈಚೆಗೆ ಎಳೆದದ್ದು ಪ್ರೀತಿಯಿಂದಲೇ. ಅದು ಪ್ರೀತಿಯಷ್ಟೇ ಅಲ್ಲ ಎಂದು ಅವಳಿಗೆ ಆಗಲೂ ಸ್ವಲ್ಪ ಗೊತ್ತಿತ್ತು.

ತೊಂದರೆ ಹಾಜರಿಯದು. ಬೆಳಿಗ್ಗೆ ಒಂಬತ್ತೂವರೆಯೊಳಗೆ ಟೀಚರು ತನ್ನ ಫೋನಿನ ಹಾಜರಿ ಆ್ಯಪಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಒತ್ತಬೇಕು. ಬಂದಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಂಬತ್ತೂವರೆಗೆ ಅದು ಮುಚ್ಚಿಕೊಳ್ಳುತ್ತದೆ. ಸತತ ಹತ್ತು ದಿನ ಕೆಂಪಾದ ಮಗುವಿನ ಹೆಸರು ತಾನಾಗಿ ಒಂದು ಪಟ್ಟಿಗೆ ಹೋಗುತ್ತದೆ. ಆ ಪಟ್ಟಿ ಹಿಡಿದು ಆಯಾ ಬಡಾವಣೆಯ ಕಾರ್ಯಕರ್ತೆಯರು ಮನೆಗೆ ಹೋಗಿ, ಮಗು ಯಾಕೆ ಶಾಲೆಗೆ ಬರುತ್ತಿಲ್ಲ ಎಂದು ಕೇಳುತ್ತಾರೆ.

ಮೋನಿಷಾ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದರೂ, ಬ್ರಾಡ್‌ವೇಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಶಾಲೆ ಮುಟ್ಟುವಾಗ ಹತ್ತು ಗಂಟೆ ಆಗಿರುತ್ತಿತ್ತು. ಮೊದಲ ವಾರ ಆರು ದಿನ ಬಂದಳು, ಆರು ದಿನವೂ ಕೆಂಪು ಬಿತ್ತು. ಎರಡನೆಯ ವಾರದಿಂದ ಪುಷ್ಪರಾಣಿ ಒಂಬತ್ತೂವರೆಗೇ ಅವಳಿಗೆ ಹಸಿರು ಒತ್ತತೊಡಗಿದಳು. ಹೇಗೂ ಬರುತ್ತಾಳಲ್ಲ.

ಮುಂದಿನ ಬೆಂಚಿನ ತೌಫೀಕಾ ಅದನ್ನು ನೋಡಿಬಿಟ್ಟಳು. ಅವಳು ಮೋನಿಷಾಳ ಗೆಳತಿ, ಬಾಯಿ ಸ್ವಲ್ಪ ಜಾಸ್ತಿ.

“ಮಿಸ್, ಮೋನಿ ಇನ್ನೂ ಬಂದಿಲ್ಲ.”

“ಬರ್ತಾಳೆ. ಬಸ್ಸಲ್ಲಿದಾಳೆ.”

“ಬಸ್ಸಲ್ಲಿದ್ರೂ ಹಾಜರೀನಾ? ಹಾಗಾದ್ರೆ ನಾಳೆಯಿಂದ ನನಗೆ ಹಾಸಿಗೇಲಿದ್ರೂ ಹಾಕ್ಬಿಡಿ ಮಿಸ್.”

ತರಗತಿಯೆಲ್ಲ ನಕ್ಕಿತು. ಪುಷ್ಪರಾಣಿಯೂ ನಕ್ಕಳು.

ಲೆಕ್ಕದ ಪೀರಿಯಡ್ಡನ್ನು ಅವಳು ತಮಿಳು ಟೀಚರ ಕೈಕಾಲು ಹಿಡಿದು ಹತ್ತೂವರೆಯ ಮೇಲಕ್ಕೆ ಬದಲಾಯಿಸಿಕೊಂಡಳು. ಮೋನಿಷಾ ಬೆವರಿಕೊಂಡು, ಒಂದು ಜಡೆಯ ರಿಬ್ಬನ್ ಬಿಚ್ಚಿಹೋಗಿ ಒಳಗೆ ಬರುವಳು. ನೀರು ಕುಡಿದು ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಬಸ್ಸಿನಲ್ಲೇ ಲೆಕ್ಕ ಮಾಡುತ್ತಿದ್ದಳು. ಆ ಅಕ್ಷರ ಅಲುಗಾಡಿರುವುದನ್ನು ನೋಡಿ ಪುಷ್ಪರಾಣಿಗೆ ಗೊತ್ತಾಗುತ್ತಿತ್ತು. ಡಿಸೆಂಬರಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೊಂಬತ್ತೇಳು ಬಂತು. ಉತ್ತರಪತ್ರಿಕೆಯನ್ನು ಪುಷ್ಪರಾಣಿ ಮನೆಗೆ ಕೊಂಡೊಯ್ದು ಗಂಡನಿಗೆ ತೋರಿಸಿದಳು.

“ಇನ್ನು ಮೂರು ಮಾರ್ಕು ಅಲ್ವಾ,” ಎಂದ ಅವನು.

“ಮೂರೇ ಮೂರು,” ಎಂದಳು.

ಪೊಂಗಲ್ ರಜೆ ಮುಗಿದು ಶಾಲೆ ತೆರೆದ ದಿನ ಮೋನಿಷಾ ಬರಲಿಲ್ಲ. ಪುಷ್ಪರಾಣಿ ಎಂದಿನಂತೆ ಒಂಬತ್ತೂವರೆಗೆ ಹಸಿರು ಒತ್ತಿದ್ದಳು. ಹತ್ತಾಯಿತು, ಹನ್ನೊಂದಾಯಿತು. ಹಬ್ಬಕ್ಕೆ ಊರಿಗೆ ಹೋಗಿರಬೇಕು, ನಾಳೆ ಬರುತ್ತಾಳೆ ಎಂದುಕೊಂಡಳು. ಮಾರನೆಯ ದಿನವೂ ಹಸಿರು ಒತ್ತಿದಳು. ಕೆಂಪು ಒತ್ತಿದರೆ ಇಷ್ಟು ದಿನ ಕಾಪಾಡಿದ್ದೆಲ್ಲ ಹಾಳಾಗುತ್ತದೆ ಅನ್ನಿಸಿತು. ಅಪ್ಪ ಏಳುಮಲೈಯ ನಂಬರಿಗೆ ಫೋನ್ ಮಾಡಿದಳು, ಸ್ವಿಚ್ಡ್ ಆಫ್. ತೌಫೀಕಾಳನ್ನು ಕೇಳಿದಳು.

“ನನಗೇನ್ ಗೊತ್ತು ಮಿಸ್. ಅವಳೇನು ಈಗ ನಮ್ಮ ಬೀದೀಲಿದಾಳಾ.”

ಆ ವಾರ ಪುನರಾವರ್ತನೆ ಪರೀಕ್ಷೆಗಳು ಶುರುವಾದವು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ಮನೆಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್. ಭಾನುವಾರ ಪೆರುಂಬಾಕ್ಕಂಗೆ ಹೋಗಿ ಬರಬೇಕು ಎಂದು ಪ್ರತಿ ಶುಕ್ರವಾರ ಅಂದುಕೊಳ್ಳುವಳು. ಪ್ರತಿ ಭಾನುವಾರ ಏನಾದರೂ ಅಡ್ಡ ಬರುವುದು. ಬೆಳಿಗ್ಗೆ ಫೋನಿನಲ್ಲಿ ನಲವತ್ತೊಂದು ಹಸಿರು ಚುಕ್ಕೆಗಳು ಸಾಲಾಗಿ ಕಾಣುವಾಗ, ಹುಡುಗಿ ಎಲ್ಲೋ ಹತ್ತಿರದಲ್ಲೇ ಇದ್ದಾಳೆ ಅನ್ನಿಸುತ್ತಿತ್ತು. ಹೀಗೆ ನಾಲ್ಕು ವಾರ ಹೋಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಹೆಡ್‌ಮಿಸ್ ಕಲೈವಾಣಿ ಅಮ್ಮ ಅವಳನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ದೊಡ್ಡದೊಂದು ಕೋಷ್ಟಕ ಹರಡಿತ್ತು. ಯಾವ ಜಾತಿಯ ಮಕ್ಕಳು ಎಷ್ಟು, ಮನೆಯಲ್ಲಿ ತಮಿಳು ಮಾತಾಡದವರು ಎಷ್ಟು, ಮನೆ ಕಳೆದುಕೊಂಡು ದೂರ ಹೋದವರು ಎಷ್ಟು, ಪ್ರತಿಯೊಂದು ಗುಂಪಿನ ಹಾಜರಿ ಎಷ್ಟು, ಅಂಕ ಎಷ್ಟು. ಮೇಲಿನವರಿಗೆ ಸಂಜೆಯೊಳಗೆ ಕಳಿಸಬೇಕಿತ್ತು.

“ಪುಷ್ಪಾ, ಇಲ್ಲಿ ನೋಡು. ದೂರ ಹೋದ ಮಕ್ಕಳ ಸಾಲಲ್ಲಿ ಬೇರೆ ಕ್ಲಾಸುಗಳೆಲ್ಲ ನಲವತ್ತು, ಐವತ್ತು ಪರ್ಸೆಂಟು. ನಿನ್ನ ಕ್ಲಾಸಿಂದು ತೊಂಬತ್ತಾರು. ಒಂದೇ ಮಗು, ಆದ್ರೂ ತೊಂಬತ್ತಾರು. ಹೇಗೆ ಸಾಧಿಸಿದೆ ಅಂತ ಎರಡು ಸಾಲು ಬರೆದುಕೊಡು, ಮಾದರಿ ಅಂತ ಸೇರಿಸೋಣ.”

ಪುಷ್ಪರಾಣಿ ಆ ತೊಂಬತ್ತಾರನ್ನು ನೋಡುತ್ತ ನಿಂತಳು. “ಆಮೇಲೆ ಬರ್ಕೊಡ್ತೀನಿ ಅಮ್ಮ,” ಎಂದಳು. ಆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿದಳು.

ಬ್ಲಾಕಿನ ಆರನೆಯ ಮಹಡಿ. ಉದ್ದನೆಯ ಓಣಿಯ ಎರಡೂ ಬದಿಗೆ ಬಾಗಿಲುಗಳು, ಬಾಗಿಲಿನ ಮುಂದೆಲ್ಲ ಪ್ಲಾಸ್ಟಿಕ್ ಕೊಡಗಳು. ಅಂಜಲೈ ಹೊಸ್ತಿಲ ಮೇಲೆ ಕೂತು ಸಣ್ಣ ಮೀನಿನ ತಲೆ ಚಿವುಟುತ್ತಿದ್ದಳು. ಟೀಚರನ್ನು ಕಂಡರೆ ಹಿಂದೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದವಳು ಈಗ ಏಳಲಿಲ್ಲ.

“ಮೋನಿಷಾ ಎಲ್ಲಿ ಅಂಜಲೈ? ಶುಕ್ರವಾರ ಪ್ರಾಕ್ಟಿಕಲ್ ಪರೀಕ್ಷೆ ಇದೆ.”

“ಈಗ ಕೇಳ್ತೀರಾ?” ಎಂದಳು ಅಂಜಲೈ. ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಪುಷ್ಪರಾಣಿಗೆ ಹೆದರಿಕೆಯಾಯಿತು.

ಪಕ್ಕದ ಬಾಗಿಲಿನಿಂದ ಮುದುಕಿ ಕುಪ್ಪಮ್ಮಾಳ್ ಎಲೆಅಡಿಕೆ ಜಗಿಯುತ್ತ ಇಣುಕಿದಳು. “ಯಾರೇ ಅದು?”

“ಮೋನಿ ಸ್ಕೂಲಿನ ಟೀಚರ್, ಅಜ್ಜಿ.”

“ಓ. ದಾರಿ ಸಿಕ್ತಾ ತಾಯಿ? ಹಬ್ಬ ಮುಗಿದು ತಿಂಗಳಾಯ್ತು. ಟೀಚರಮ್ಮ ಇನ್ನೂ ಬಸ್ಸಲ್ಲೇ ಇದಾರೇನೋ ಅಂತ ನಾವು ಮಾತಾಡ್ಕೋತಿದ್ವಿ.”

“ಸುಮ್ನಿರಜ್ಜಿ,” ಎಂದು ಅಂಜಲೈ ಮೀನಿನ ಬಟ್ಟಲು ಪಕ್ಕಕ್ಕೆ ಸರಿಸಿದಳು. ಆಮೇಲೆ ಎಲ್ಲ ಹೇಳಿದಳು, ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಬೇರೆ ಯಾರದೋ ಮನೆಯ ವಿಷಯ ಹೇಳುವವಳಂತೆ.

ಹಬ್ಬಕ್ಕೆ ಮುಂಚೆ ಒಬ್ಬ ಗಂಡಸು ಸಂಜೆ ಬಸ್‌ಸ್ಟಾಪಿನಿಂದ ಮೋನಿಷಾಳ ಹಿಂದೆ ಬರತೊಡಗಿದ್ದ. ಮೂರು ದಿನ ಬಂದ. ಮೂರನೆಯ ದಿನ ಬ್ಲಾಕಿನ ಮೆಟ್ಟಿಲ ತನಕ ಬಂದ. ಏಳುಮಲೈಗೆ ವಿಷಯ ಗೊತ್ತಾಯಿತು.

“ಇನ್ನು ಆ ದೂರದ ಸ್ಕೂಲು ಬೇಡ ಅಂದ್ರು ಅವರಪ್ಪ. ಇವಳು ಎರಡು ದಿನ ಊಟ ಬಿಟ್ಲು. ಆಮೇಲೆ ಅವರು ಸ್ವಲ್ಪ ಇಳಿದ್ರು. ಸ್ಕೂಲಿನೋರು ಯಾರಾದ್ರೂ ಒಬ್ರು ಬಂದು, ಹುಡುಗಿ ನಮ್ಮ ಜವಾಬ್ದಾರಿ ಅಂದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ ಅಂದ್ರು. ಒಬ್ರು ಬಂದಿದ್ರೆ ಸಾಕಿತ್ತು ಟೀಚರಮ್ಮ.”

“ಒಂದು ಫೋನ್ ಮಾಡಬಾರದಿತ್ತಾ ಅಂಜಲೈ?”

“ನಿಮ್ಮ ನಂಬರು ಅವರ ಫೋನಲ್ಲಿತ್ತು. ಅದು ಮಳೆನೀರಿಗೆ ಬಿದ್ದು ಸತ್ತೋಯ್ತು. ನಾನೇ ಬರೋಣ ಅಂದ್ರೆ ಬೆಳಗಿನ ಜಾವ ನಾಲ್ಕೂವರೆಗೆ ಕಸ ಗುಡಿಸೋಕೆ ಹೋಗ್ತೀನಿ. ಒಂದಿನ ಬಿಟ್ರೆ ಕೆಲಸ ಇನ್ನೊಬ್ಬಳಿಗೆ. ಇವಳೇ ಹೇಳಿದ್ಲು, ಅಮ್ಮ, ನೀನು ಬರೋದೇನೂ ಬೇಡ, ಹತ್ತು ದಿನ ಹೋಗ್ದಿದ್ರೆ ಅವರೇ ಬರ್ತಾರೆ ಅಂತ. ನಾಲ್ಕನೇ ಮಹಡಿ ಸುಮತಿ ಮಗಳು ಸ್ಕೂಲಿಗೆ ಹೋಗ್ತಿರ್ಲಿಲ್ಲ. ಇಬ್ರು ಹೆಂಗಸರು ಪಟ್ಟಿ ಹಿಡ್ಕೊಂಡು ಬಂದ್ರು. ಅವಳಪ್ಪನಿಗೆ ಚೆನ್ನಾಗಿ ಬೈದ್ರು. ಮೂರನೇ ಸಲ ಬಂದಾಗ ಹುಡುಗೀನ ಕರ್ಕೊಂಡೇ ಹೋದ್ರು. ಅದನ್ನ ನೋಡಿ ನಮ್ಮೋಳು ದಿನ ಎಣಿಸ್ತಾ ಕೂತ್ಲು.”

ಪುಷ್ಪರಾಣಿ ಓಣಿಯ ತುದಿಯ ಕಂಬಿಯ ಕಡೆ ತಿರುಗಿದಳು.

“ಸಾಯಂಕಾಲ ಆದ್ರೆ ಆ ಕಂಬಿ ಹತ್ರ ನಿಂತು ಕೆಳಗೆ ನೋಡೋಳು,” ಎಂದಳು ಕುಪ್ಪಮ್ಮಾಳ್. “ನಾನು ಯಾರನ್ನೇ ಕಾಯ್ತಿದೀಯ, ಮಾವನ್ನಾ ಅಂತ ರೇಗಿಸ್ತಿದ್ದೆ.”

“ಹತ್ತಾಯ್ತು, ಹನ್ನೊಂದಾಯ್ತು,” ಅಂಜಲೈ ಮುಂದುವರಿಸಿದಳು. “ಹನ್ನೆರಡನೇ ದಿನ ಆ ಹೆಂಗಸರು ಈ ಮಹಡಿಗೇ ಬಂದ್ರು. ಇವಳು ಓಡಿ ಹೋಗಿ ಎದುರು ನಿಂತ್ಲು. ಮೋನಿಷಾ, ಏಳುಮಲೈ ಮಗಳು ಅಂದ್ಲು. ಅವರು ಪಟ್ಟೀಲಿ ಹುಡುಕಿದ್ರು. ನಿನ್ನ ಹೆಸರಿಲ್ವಲ್ಲಮ್ಮ ಅಂದ್ರು. ಫೋನ್ ತೆಗೆದು ನೋಡಿ, ನೀನು ದಿನಾ ಸ್ಕೂಲಿಗೆ ಹೋಗ್ತಿದೀಯ, ಇವತ್ತು ಚಕ್ಕರ್ ಹೊಡೆದು ಇಲ್ಲೇನ್ ಮಾಡ್ತಿದೀಯ ಅಂತ ಗದರಿ ಮುಂದಕ್ಕೆ ಹೋದ್ರು. ಅವರಿಗೂ ಕೈತುಂಬ ಹೆಸರು. ಇವಳು ಒಳಗೆ ಬಂದು ಗೋಡೆ ಕಡೆ ತಿರುಗಿ ಮಲಗಿದ್ಲು. ಏನಾಯ್ತೇ ಅಂದ್ರೆ ಏನಿಲ್ಲ ಅಂದ್ಲು.”

ಆಮೇಲಿನದು ಬೇಗ ನಡೆದಿತ್ತು. ಕೆಳಗಿನ ಮಹಡಿಯ ಒಬ್ಬ ಮನುಷ್ಯ ದಿಂಡುಗಲ್ ಕಡೆಯ ನೂಲಿನ ಮಿಲ್ಲುಗಳಿಗೆ ಹುಡುಗಿಯರನ್ನು ಸೇರಿಸುತ್ತಿದ್ದ. ಮೂರು ವರ್ಷ ಅಲ್ಲೇ ಹಾಸ್ಟೆಲಿನಲ್ಲಿದ್ದು ಕೆಲಸ ಮಾಡಿದರೆ ಕೊನೆಗೆ ಮದುವೆಯ ಖರ್ಚಿಗೆ ಒಂದು ಗಂಟು. ಏಳುಮಲೈ ಕೇಳಿದಾಗ ಮೋನಿಷಾ ಬೇಡ ಅನ್ನಲಿಲ್ಲ. ಫೆಬ್ರವರಿಯ ಮೊದಲ ಭಾನುವಾರ ಹೋದಳು. ವಯಸ್ಸು ಹದಿನೆಂಟು ಎಂದು ಬರೆಸಿದ್ದರು.

“ಒಂದು ಕೇಳ್ತೀನಿ ಟೀಚರಮ್ಮ,” ಎಂದಳು ಅಂಜಲೈ. “ಇವಳು ಇಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದಾಗ, ಅಲ್ಲಿ ಇವಳ ಹೆಸರಿನ ಮುಂದೆ ನೀವು ಏನು ಬರೀತಿದ್ರಿ?”

ಸುಳ್ಳು ಹೇಳಬಹುದಿತ್ತು. ಯಂತ್ರದ ತಪ್ಪು ಅನ್ನಬಹುದಿತ್ತು.

“ಬಂದಿದಾಳೆ ಅಂತ ಬರೀತಿದ್ದೆ.”

ಅಂಜಲೈ ಅವಳ ಮುಖ ನೋಡಿದಳು. “ಅವಳಿಗೆ ತೊಂದ್ರೆ ಆಗ್ಬಾರ್ದು ಅಂತ ತಾನೇ?”

“ಹೂಂ.”

“ನಾನೂ ಹಾಗೇ ಅಂದ್ಕೊಂಡೆ,” ಎಂದು ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. “ಕೂತ್ಕೊಳ್ಳಿ. ಅಷ್ಟು ದೂರದಿಂದ ಬಂದಿದೀರ. ಟೀ ಕುಡಿದು ಹೋಗಿ.”

ಸೋಮವಾರ ಬೆಳಿಗ್ಗೆ ಪುಷ್ಪರಾಣಿ ಐದು ತಿಂಗಳಲ್ಲಿ ಮೊದಲ ಬಾರಿಗೆ ಆ ಹೆಸರಿನ ಮುಂದೆ ಕೆಂಪು ಒತ್ತಿ, ನೇರವಾಗಿ ಹೆಡ್‌ಮಿಸ್ ಕೋಣೆಗೆ ಹೋದಳು. ಕಲೈವಾಣಿ ಅಮ್ಮ ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಬಾಕಿ. ಮಕ್ಕಳಿಗೆ ಚಪ್ಪಲಿಯಿಲ್ಲದಿದ್ದರೆ ಯಾರಿಗೂ ಹೇಳದೆ ತಂದುಕೊಡುವವರು. ಎಲ್ಲ ಕೇಳಿ ಬಾಗಿಲು ಮುಚ್ಚಿದರು.

“ಹದಿನೈದು ವರ್ಷದ ಮಗೂನ ಮಿಲ್ಲಿಗೆ ಹಾಕಿದಾರೆ ಅಂತ ದೂರು ಕೊಡೋಣ ಅಮ್ಮ. ಪರೀಕ್ಷೆಗೆ ಇನ್ನೂ ಐದು ವಾರ ಇದೆ. ಅಧಿಕಾರಿಗಳು ಹೋದ್ರೆ ಬಿಟ್ಟು ಕಳಿಸ್ತಾರೆ.”

“ಕೊಡೋಣ. ಅಧಿಕಾರಿ ಮೊದಲು ಏನು ಕೇಳ್ತಾನೆ? ಮಗು ಸ್ಕೂಲು ಬಿಟ್ಟಿದ್ದು ಯಾವತ್ತು ಅಂತ. ನಮ್ಮ ದಾಖಲೆ ಏನು ಹೇಳತ್ತೆ? ಮೊನ್ನೆ ಶನಿವಾರದ ತನಕ ಕ್ಲಾಸಲ್ಲೇ ಕೂತಿತ್ತು ಅನ್ನತ್ತೆ. ಮಿಲ್ಲಿನೋರು ಅದನ್ನೇ ತೋರಿಸ್ತಾರೆ. ನೋಡಿ, ಆ ಹುಡುಗಿ ಮದ್ರಾಸಲ್ಲಿ ಓದ್ತಿದೆ, ನಮ್ಮಲ್ಲಿರೋಳು ಬೇರೆ ಅಂತಾರೆ.”

“ನಾನು ಸುಳ್ಳು ಹಾಜರಿ ಹಾಕಿದೆ ಅಂತ ಬರ್ಕೊಡ್ತೀನಿ.”

“ಬರ್ಕೊಡು. ಅವತ್ತೇ ನಿನ್ನ ಸಸ್ಪೆಂಡ್ ಮಾಡ್ತಾರೆ. ಉಳಿದ ನಲವತ್ತು ಮಕ್ಕಳಿಗೆ ಲೆಕ್ಕ ಯಾರು ಹೇಳ್ತಾರೆ, ನಾನಾ? ನಾನು ಇತಿಹಾಸ ಓದಿದೋಳು ಪುಷ್ಪಾ.” ಅವರು ತಲೆ ಒತ್ತಿಕೊಂಡರು. “ಮೊದಲು ಅವರಪ್ಪನ್ನೇ ಕಳಿಸಿ ನೋಡು. ಅಪ್ಪ ಕೇಳಿದ್ರೆ ಬಿಡ್ತಾರೆ. ಆಗದಿದ್ರೆ ಬರೆಯೋಣ.”

ಆ ಮಾತು ಕೇಳಿ ಪುಷ್ಪರಾಣಿಗೆ ಒಳಗೊಳಗೇ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಏಳುಮಲೈ ಮಾತು ಕಡಿಮೆಯ ಮನುಷ್ಯ. ಪುಷ್ಪರಾಣಿ ಮತ್ತೆ ಪೆರುಂಬಾಕ್ಕಂಗೆ ಹೋಗಿ ಅವನ ಎದುರು ನಿಂತು, “ಹುಡುಗಿ ನನ್ನ ಜವಾಬ್ದಾರಿ, ಪರೀಕ್ಷೆ ಮುಗಿಯೋ ತನಕ ನಮ್ಮನೇಲೇ ಇರ್ಲಿ,” ಎಂದಾಗ ಅವನು ತಲೆಯಾಡಿಸಿದ. “ಈ ಮಾತಿಗೇ ಕಾಯ್ತಿದ್ದೆ ಟೀಚರ್,” ಎಂದ. ಆ ರಾತ್ರಿಯ ಬಸ್ಸಿಗೇ ಹೋದ. ಮೂರನೆಯ ದಿನ ಒಬ್ಬನೇ ಶಾಲೆಯ ಗೇಟಿಗೆ ಬಂದು ನಿಂತ.

“ಬಿಡಲ್ಲ ಅಂದ್ರಾ?”

“ಅವರು ಬಿಡ್ತಿದ್ರೇನೋ. ಇವಳೇ ಬರಲ್ಲ ಅಂದ್ಲು.”

“ಯಾಕಂತೆ?”

ಅವನು ಗೇಟಿನ ಬೀಗವನ್ನು ಬೆರಳಿನಿಂದ ಅಲುಗಾಡಿಸುತ್ತ ನಿಂತ. “ಅಲ್ಲಿ ನಾನು ದಿನಾ ಇದೀನಲ್ಲಪ್ಪ, ಇನ್ನು ಬರೋದೇನಿದೆ ಅಂದ್ಲು. ನಂಗೆ ಅರ್ಥ ಆಗ್ಲಿಲ್ಲ. ನಿಮಗೆ ಹೇಳು ಅಂದ್ಲು.”

ಮುಂದಿನ ಭಾನುವಾರ ಪುಷ್ಪರಾಣಿ ತಾನೇ ದಿಂಡುಗಲ್ಲಿಗೆ ಹೋದಳು. ಮಿಲ್ಲಿನ ಗೇಟಿನಲ್ಲಿ ಅಪ್ಪ ಅಮ್ಮನಿಗೆ ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ ಎಂದರು. ಚೀಟಿ ಬರೆದು ಒಳಗೆ ಕಳಿಸಿದಳು. ಬೇವಿನ ಮರದ ಕೆಳಗೆ ಮೂರು ಗಂಟೆ ಕಾದಳು. ಒಳಗಿನಿಂದ ಯಂತ್ರಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ಚೀಟಿ ಮಡಚಿದ ಹಾಗೇ ವಾಪಸು ಬಂತು. ಹುಡುಗಿ ಪಾಳಿಯಲ್ಲಿದ್ದಾಳೆ ಎಂದ ಕಾವಲುಗಾರ. ಅವಳು ಪ್ರಶ್ನೆಪತ್ರಿಕೆಗಳ ಕಟ್ಟನ್ನು, ತನ್ನ ನಂಬರು ಬರೆದ ಒಂದು ಹಾಳೆಯನ್ನು ಅವನ ಕೈಗೆ ಕೊಟ್ಟು ಬಂದಳು. ದೂರು ಬರೆಯಲಿಲ್ಲ. ಹುಡುಗಿಗೇ ಮನಸ್ಸಿಲ್ಲ, ಬಲವಂತ ಮಾಡಿ ಏನು ಪ್ರಯೋಜನ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವಾಗ ನಂಬಲಿಲ್ಲ. ಆದರೂ ಬರೆಯಲಿಲ್ಲ.

ಉಳಿದ ನಲವತ್ತು ಮಕ್ಕಳನ್ನು ಅವಳು ಹುಚ್ಚು ಹಿಡಿದವಳಂತೆ ಓದಿಸಿದಳು. ಲೆಕ್ಕ ಬಾರದ ಹನ್ನೊಂದು ಮಕ್ಕಳನ್ನು ಮನೆಗೇ ಕರೆದುಕೊಂಡು ಹೋಗಿ, ಅನ್ನ ಹಾಕಿ, ರಾತ್ರಿಯ ತನಕ ಕೂರಿಸಿಕೊಂಡಳು. ಬಿಹಾರದ ಹುಡುಗ ಒಬ್ಬನಿಗೆ ತಮಿಳಿನಲ್ಲಿ ಪ್ರಶ್ನೆ ಓದಲು ಬರುತ್ತಿರಲಿಲ್ಲ. ಅವನಿಗಾಗಿ ತಾನು ಹಿಂದಿಯ ಲೆಕ್ಕದ ಮಾತುಗಳನ್ನು ಕಲಿತಳು. ಪರೀಕ್ಷೆಯ ದಿನ ಹಾಲಿನಲ್ಲಿ ಒಂದು ಮೇಜಿನ ಮೇಲೆ ಅಂಟಿಸಿದ ನಂಬರು ಮಾತ್ರ ಇತ್ತು ಎಂದು ತೌಫೀಕಾ ಬಂದು ಹೇಳಿದಳು. ಐದು ಪರೀಕ್ಷೆಯಲ್ಲೂ ಹಾಗೇ ಇತ್ತಂತೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಹೆಸರು ಕೊಟ್ಟವರು ನಲವತ್ತೊಂದು, ಪರೀಕ್ಷೆ ಬರೆದವರು ನಲವತ್ತು, ಪಾಸಾದವರು ನಲವತ್ತು. ಬರೆಯದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಶಾಲೆಯಲ್ಲಿ ಒಂದು ವಿಭಾಗಕ್ಕೆ ನೂರಕ್ಕೆ ನೂರು ಫಲಿತಾಂಶ ಬಂದದ್ದು ಅದೇ ಮೊದಲು. ಹೆಡ್‌ಮಿಸ್ ಗೇಟಿಗೆ ಬ್ಯಾನರ್ ಕಟ್ಟಿಸಿದರು. ಯಾರೋ ಬಂದು ಪುಷ್ಪರಾಣಿಗೆ ಶಾಲು ಹೊದಿಸಿದರು. ತಮಿಳು ಟೀಚರು ಮೈಸೂರುಪಾಕಿನ ತುಂಡನ್ನು ಅವಳ ಬಾಯಿಗೇ ಇಟ್ಟು, ಏನೂ ಗೊತ್ತಿಲ್ಲದೆ ನಕ್ಕರು.

“ಹದಿನೇಳು ವರ್ಷದಿಂದ ನೂರಕ್ಕೆ ನೂರು ಬೇಕು ಅಂತಿದ್ರಲ್ಲ ಟೀಚರ್, ಬಂತು ನೋಡಿ.”

ಅವಳು ಬಚ್ಚಲಿಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗಿದು, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು.

ಮರುವಾರದ ಭಾನುವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗಲಾಟೆಯ ನಡುವೆ ಒಂದು ಸಣ್ಣ ದನಿ.

“ಮಿಸ್, ನಾನು ಮೋನಿ.”

ಪುಷ್ಪರಾಣಿ ಕೂತಲ್ಲಿಂದ ಎದ್ದು ನಿಂತಳು.

“ವಾರ್ಡನ್ ಫೋನು. ಐದು ನಿಮಿಷ ಅಷ್ಟೇ. ತೌಫೀಕಾ ಎಷ್ಟು ತೆಗೆದ್ಲು ಮಿಸ್?”

“ಮುನ್ನೂರ ಎಂಬತ್ತೆರಡು. ಲೆಕ್ಕದಲ್ಲಿ ಎಂಬತ್ತೊಂದು.”

“ಅವಳಿಗೆ ಎಂಬತ್ತೊಂದಾ?” ಮೋನಿಷಾ ನಕ್ಕಳು. “ಸುಂದರಿ?” ಅವಳು ಒಬ್ಬೊಬ್ಬರನ್ನೇ ಬೆಂಚಿನ ಸಾಲಿನಂತೆ ಕೇಳುತ್ತ ಹೋದಳು. ಪುಷ್ಪರಾಣಿ ಹೇಳುತ್ತ ಹೋದಳು. ಎಲ್ಲರ ಅಂಕವೂ ಅವಳಿಗೆ ಬಾಯಿಪಾಠವಾಗಿತ್ತು.

“ಊಟ ಸರಿಯಾಗಿ ಕೊಡ್ತಾರಾ ಮೋನಿ?”

“ಕೊಡ್ತಾರೆ ಮಿಸ್. ಸಾಂಬಾರು ನೀರು. ಹತ್ತಿ ಧೂಳಿಗೆ ಸ್ವಲ್ಪ ಕೆಮ್ಮು, ಎಲ್ಲರಿಗೂ ಇದೆ.”

“ಮೋನಿ, ನಾನು ಬರಬೇಕಿತ್ತು.”

ಆ ಕಡೆಯಿಂದ ಯಾರೋ ಬೇಗ ಮುಗಿಸೇ ಎಂದು ಕೂಗಿದರು.

“ಹೂಂ ಮಿಸ್,” ಎಂದಳು ಮೋನಿಷಾ. ಆಮೇಲೆ, “ಲೆಕ್ಕದ ಪೇಪರಲ್ಲಿ ಕೊನೇ ದೊಡ್ಡ ಪ್ರಶ್ನೆ ಏನು ಬಂದಿತ್ತು?” ಎಂದು ಕೇಳಿದಳು.

ಪುಷ್ಪರಾಣಿಗೆ ಅದು ನೆನಪಿತ್ತು. ತರಗತಿಯಲ್ಲಿ ಓದುವ ಹಾಗೆ ನಿಧಾನವಾಗಿ ಹೇಳಿದಳು. “ಶಂಕುವಿನ ಆಕಾರದ ಒಂದು ಡೇರೆ. ತಳದ ತ್ರಿಜ್ಯ ಏಳು ಮೀಟರ್, ಎತ್ತರ ಇಪ್ಪತ್ನಾಲ್ಕು ಮೀಟರ್. ಅದಕ್ಕೆ ಎಷ್ಟು ಬಟ್ಟೆ ಬೇಕು.”

“ತಡೀರಿ, ಹೇಳ್ಬೇಡಿ.”

ಸ್ವಲ್ಪ ಹೊತ್ತು ಅವಳ ಉಸಿರು ಮಾತ್ರ ಕೇಳುತ್ತಿತ್ತು. ನಡುವೆ ಒಮ್ಮೆ ಕೆಮ್ಮಿದಳು. “ಓರೆ ಎತ್ತರ ಇಪ್ಪತ್ತೈದು,” ಎಂದು ತನಗೆ ತಾನೇ ಅಂದುಕೊಂಡಳು. ಪುಷ್ಪರಾಣಿ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

“ಐನೂರ ಐವತ್ತು ಚದರ ಮೀಟರ್,” ಎಂದಳು ಮೋನಿಷಾ. “ಸರೀನಾ ಮಿಸ್?”

ಪುಷ್ಪರಾಣಿಗೆ ಅಳು ಒತ್ತಿ ಬಂದು ದನಿ ಹೊರಡಲಿಲ್ಲ.

“ಮಿಸ್? ಇದೀರಾ? ಸರೀನಾ?”

ಅಷ್ಟರಲ್ಲಿ ಫೋನ್ ಕಟ್ ಆಯಿತು. ಅವಳು ಅದೇ ನಂಬರಿಗೆ ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಏಳನೆಯ ಸಲ ವಾರ್ಡನ್ ಎತ್ತಿಕೊಂಡು, ಇವತ್ತಿನ ಹೊತ್ತು ಮುಗಿಯಿತು, ಏನಿದ್ದರೂ ಮುಂದಿನ ಭಾನುವಾರ ಎಂದಳು.

“ಒಂದೇ ಮಾತಮ್ಮ. ಅವಳಿಗೆ ಸರಿ ಅಂತ ಹೇಳ್ಬಿಡಿ, ಅಷ್ಟು ಸಾಕು.”

“ಯಾರಿಗೆ?” ಎಂದಳು ವಾರ್ಡನ್. “ಇಲ್ಲಿ ಆರ್ನೂರು ಹುಡುಗಿಯರಿದಾರೆ.”